ಆ ಮಟ್ಟಿಗೆ ಕರ್ತೃವಿಲ್ಲವೆ?

“ಜಾನಪದಕ್ಕೆ ಕರ್ತೃವಿಲ್ಲ” – ಕನ್ನಡ ಪಾಠ ಹೇಳುವ ನನ್ನ ಕಿವಿಗೆ ಈ ಮಾತು ಆಗಾಗ ಬೀಳುತ್ತದೆ. ಕೇಳಲು ಬಲು ಉದಾರವಾದ ಮಾತು. ಈ ಔದಾರ್ಯದ ವೆಚ್ಚ ಯಾರ ತಲೆಯ ಮೇಲೆ ಬೀಳುತ್ತದೆಂದು ತಿಳಿಯಬೇಕಾದರೆ ಅಮೆರಿಕದ ಒಂದು ಪಿಟೀಲು ಮಟ್ಟಿನ ಚರಿತ್ರೆಯನ್ನು ನೋಡಬೇಕು.

ಅದರ ಹೆಸರು ‘ಬೋನಪಾರ್ಟ್ಸ್ ರಿಟ್ರೀಟ್’. ಎಂದರೆ, ನೆಪೋಲಿಯನ್ನನು ಹಿಮ್ಮೆಟ್ಟಿದ್ದು. ಐರ್ಲೆಂಡಿನ ಹಳೆಯದೊಂದು ನಡೆಮಟ್ಟಿನ ಛಾಯೆ ಅದರಲ್ಲಿದೆಯೆಂದು ವಿದ್ವಾಂಸರು ಹೇಳುತ್ತಾರೆ. ಜಾರ್ಜಿಯದ ಎ. ಎ. ಗ್ರೇ ಅವರು 1924ರಲ್ಲಿಯೇ ಅದನ್ನು ಗ್ರಾಮಫೋನ್ ತಟ್ಟೆಗೆ ನುಡಿಸಿದ್ದರು. ಸಾಮಾನ್ಯವಾಗಿ ವಾದಕರು ಅದನ್ನು ಸೈನ್ಯದ ನಡಿಗೆಯಂತೆ ಸಾವಕಾಶವಾಗಿ ನುಡಿಸುತ್ತಿದ್ದರು.

1937ರ ಅಕ್ಟೋಬರಿನಲ್ಲಿ ಅಲನ್ ಮತ್ತು ಎಲಿಜಬೆತ್ ಲೋಮ್ಯಾಕ್ಸ್ ದಂಪತಿಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿಗಾಗಿ ಧ್ವನಿಮುದ್ರಣ ಮಾಡುತ್ತ ಕೆಂಟಕಿಯ ಸ್ಯಾಲ್ಯರ್ಸ್‌ವಿಲ್ಲಿಗೆ ಬಂದರು. ಅಲ್ಲಿ ಅರವತ್ತು ದಾಟಿದ ವಿಲಿಯಂ ಹ್ಯಾಮಿಲ್ಟನ್ ಸ್ಟೆಪ್ ಅವರು ಪಿಟೀಲಿನ ಮೊದಲ ಮತ್ತು ಕೊನೆಯ ತಂತಿಗಳ ಶ್ರುತಿಯನ್ನಿಳಿಸಿ, ಮಂದ್ರದ ತಂತಿಯನ್ನು ತಂಬೂರಿಯಂತೆ ಮೊರೆಯಿಸುತ್ತ, ಆ ನಡಿಗೆಯನ್ನು ಕುದುರೆಯ ಓಟವನ್ನಾಗಿ ಮಾಡಿಬಿಟ್ಟರು. ಅದಕ್ಕೆ ರೂತ್ ಕ್ರಾಫರ್ಡ್ ಸೀಗರ್ ಸ್ವರಲಿಪಿ ಬರೆದರು. ಅದು 1941ರಲ್ಲಿ ‘ಅವರ್ ಸಿಂಗಿಂಗ್ ಕಂಟ್ರಿ’ ಎಂಬ ಗ್ರಂಥದಲ್ಲಿ ಅಚ್ಚಾಯಿತು. ಮರುವರ್ಷ ಆರನ್ ಕೋಪ್‌ಲೆಂಡ್ ಅವರು ‘ರೋಡಿಯೋ’ ಎಂಬ ನೃತ್ಯನಾಟಕದ ‘ಹೋ-ಡೌನ್’ ಭಾಗಕ್ಕೆ ಅದನ್ನೇ ಎತ್ತಿಕೊಂಡರು. ಅವರು ತೆಗೆದುಕೊಂಡದ್ದು ಹಳೆಯ ಸಾವಕಾಶದ ನಡಿಗೆಯನ್ನಲ್ಲ, ಸ್ಟೆಪ್ಪರ ಓಟವನ್ನು. 1972ರಲ್ಲಿ ‘ಎಮರ್ಸನ್, ಲೇಕ್ ಅಂಡ್ ಪಾಮರ್’ ತಂಡದವರು ಅದನ್ನು ನುಡಿಸಿದರು; 1990ರ ದಶಕದಲ್ಲಿ ದನದ ಮಾಂಸದ ಜಾಹೀರಾತಿಗೂ ಅದು ಒದಗಿತು. ಎಲ್ಲೆಡೆಯೂ ಕೇಳಿಬಂದ ಹೆಸರು ಕೋಪ್‌ಲೆಂಡ್.

ಕೆಲವರು ಹೇಳಬಹುದು: “ಕೋಪ್‌ಲೆಂಡ್ ಮಹಾ ಸಂಗೀತಗಾರರು. ವಾದ್ಯವೃಂದಕ್ಕೆ ಅದನ್ನು ಹೊಂದಿಸಿದ್ದು ಸಣ್ಣ ಕೆಲಸವೆ? ಸ್ಟೆಪ್ ತಾನೆ ಅದನ್ನು ಹಿರಿಯರಿಂದ ಕಲಿತವರಲ್ಲವೆ?” ಎರಡನ್ನೂ ನಾನು ಒಪ್ಪುತ್ತೇನೆ. ಆದರೆ ಪಡೆದುದನ್ನು ತಿದ್ದಿ ಹೊಸದು ಮಾಡಿದವರು ಇಬ್ಬರೂ. ಒಬ್ಬರು ಮಾಡಿದರೆ ಕೃತಿ, ಇನ್ನೊಬ್ಬರು ಮಾಡಿದರೆ ಜಾನಪದ. ಇದು ಯಾವ ನ್ಯಾಯ? ಪೀ ವೀ ಕಿಂಗ್ ಎಂಬವರು ಇದೇ ಮಟ್ಟಿಗೆ ಮಾತು ಹೊಂದಿಸಿದರು. ಕೇ ಸ್ಟಾರ್ 1950ರಲ್ಲಿ ಅದನ್ನು ಹಾಡಿ ಜನಪ್ರಿಯಗೊಳಿಸಿದರು. ಆಗ ಈ “ಕರ್ತೃವಿಲ್ಲದ” ಮಟ್ಟಿಗೆ ಕರ್ತೃವೂ ಸಿಕ್ಕಿಬಿಟ್ಟರು! ಕಾಗದದ ಮೇಲೆ ಬರೆದವರಿಗೆ ಹೆಸರುಂಟು, ಕಮಾನಿನಲ್ಲಿ ಬರೆದವರಿಗಿಲ್ಲ ಎಂದಾಯಿತಲ್ಲವೆ?

ಹೆಸರು ತಿಳಿಯದೆ ಬಿಟ್ಟುಹೋಯಿತೆನ್ನುವ ನೆಪಕ್ಕೂ ಇಲ್ಲಿ ಎಡೆಯಿಲ್ಲ. ಲೋಮ್ಯಾಕ್ಸರು ವಾದಕನ ಹೆಸರು, ಊರು, ವರ್ಷಗಳನ್ನು ಬರೆದಿಟ್ಟಿದ್ದಾರೆ. ಬರೆದಿಟ್ಟ ಹೆಸರನ್ನು ಬಿಟ್ಟು “ಜನ” ಎನ್ನುವುದು ಜನರಿಗೆ ಮಾಡುವ ಗೌರವವಲ್ಲ. ‘ಹೋ-ಡೌನ್’ ನುಡಿಸುವ ಸಭೆಗಳು ತಮ್ಮ ಕಾರ್ಯಕ್ರಮದ ಹಾಳೆಯಲ್ಲಿ ಕೋಪ್‌ಲೆಂಡರ ಹೆಸರಿನ ಕೆಳಗೆ “ಕೆಂಟಕಿಯ ಡಬ್ಲ್ಯು. ಎಚ್. ಸ್ಟೆಪ್ ನುಡಿಸಿದಂತೆ, 1937” ಎಂದು ಅಚ್ಚು ಹಾಕಿಸಲಿ. ಇದರಿಂದ ಕೋಪ್‌ಲೆಂಡರಿಗೆ ಕಡಮೆಯಾಗುವುದೇನೂ ಇಲ್ಲ. ತಗಲುವುದು ಒಂದು ಸಾಲಿನ ಮಸಿ ಮಾತ್ರ.