ಮುಷ್ಕರದ ಖರ್ಚು ಯಾರದು?
ದೆಹಲಿ ವಿಶ್ವವಿದ್ಯಾಲಯದ ಶಿಕ್ಷಕರ ಸಂಘವು 2019ರ ಡಿಸೆಂಬರ್‌ನಲ್ಲಿ ಪರೀಕ್ಷಾ ಕೆಲಸವನ್ನು ಬಹಿಷ್ಕರಿಸಿ ಕುಲಪತಿಗಳ ಕಚೇರಿಯ ಆವರಣದಲ್ಲಿ ಧರಣಿ ಕುಳಿತದ್ದು ಅಡ್‌ಹಾಕ್ ಅಧ್ಯಾಪಕರಿಗಾಗಿ, ಎಂದರೆ ನಾಲ್ಕು ತಿಂಗಳಿಗೆ ನೇಮಕಗೊಂಡು, ನಡುವೆ ಒಂದು ದಿನ ಬಿಟ್ಟು ಮರುನೇಮಕಕ್ಕೆ ಕಾಯುವವರಿಗಾಗಿ. ಬ್ರಿಟನ್ನಿನ ವಿಶ್ವವಿದ್ಯಾಲಯ ನೌಕರರ ಯುಸಿಯು ಸಂಘವು ಸದಸ್ಯರ ವಂತಿಗೆಯ ಹೋರಾಟ ನಿಧಿಯಿಂದ ಮುಷ್ಕರನಿರತರ ವೇತನನಷ್ಟವನ್ನು ಭಾಗಶಃ ತುಂಬಿಕೊಡುತ್ತದೆ. ದುಡಿಯದ ದಿನಕ್ಕೆ ಸಂಬಳವಿಲ್ಲವೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವೇ 1990ರಲ್ಲಿ, ಬ್ಯಾಂಕ್ ನೌಕರರ ಪ್ರಕರಣವೊಂದರಲ್ಲಿ, ಎತ್ತಿಹಿಡಿದಿರುವ ಭಾರತದಲ್ಲಿ ಅಂಥ ನಿಧಿಯ ಅಗತ್ಯ ಕಡಿಮೆಯೇನಲ್ಲ. ಆದರೆ ನಿಧಿಯು ಹತ್ತು ದಿನದ ಸಂಬಳ ಕೊಟ್ಟೀತೇ ಹೊರತು ಮುಂದಿನ ನಾಲ್ಕು ತಿಂಗಳ ನೇಮಕಾತಿ ಪತ್ರವನ್ನಲ್ಲ. ಆದುದರಿಂದ ದೆಹಲಿಯಲ್ಲಿ ಅದಕ್ಕೆ ಮೊದಲ ವಂತಿಗೆ ಸಲ್ಲಬೇಕಾದದ್ದು ಕಾಯಂ ಪ್ರಾಧ್ಯಾಪಕರಿಂದ (ಭಾಷಣಗಳಲ್ಲಿ ಅವರ ಪಾಲು ಹೇಗೂ ದೊಡ್ಡದು), ಮತ್ತು ಅದರ ನೆರವು ಮುಷ್ಕರ ಮುಗಿದ ಮೇಲೆ ಮರುನೇಮಕ ತಪ್ಪಿದವರಿಗೂ ಮುಂದುವರಿಯಬೇಕು.