ಎಲೆ ಹೇಳುವ ಭವಿಷ್ಯ

ಪಾಳುಬಿದ್ದ ಅರಮನೆ, ಹಳೆಯ ಪೆಟ್ಟಿಗೆ, ಅದರೊಳಗೆ ಚಿತ್ರ ಬರೆದ ಎಲೆಗಳ ಕಟ್ಟು. ನಾಯಕಿ ಒಂದನ್ನು ಎತ್ತಿದೊಡನೆ ಅವಳ ಭವಿಷ್ಯವೆಲ್ಲ ಬಯಲು! ಧಾರಾವಾಹಿಯಲ್ಲಿ ಇಂತಹ ಸನ್ನಿವೇಶ ಬಂದರೆ ಮುಂದಿನ ಸಂಚಿಕೆಗೆ ಕಾಯದ ವಾಚಕರುಂಟೆ? ಈ ಕಥೆಗೆ ಶ್ರೀರಂಗಪಟ್ಟಣದ ಕೋಟೆ ಹೇಳಿ ಮಾಡಿಸಿದಂತಿದೆ. ಎಲೆಗಳನ್ನೂ ಹೊರಗಿನಿಂದ ತರಬೇಕಾಗಿಲ್ಲ. ನಮ್ಮ ಸೀಮೆಯ ಗಂಜೀಫಾ ಇದ್ದೇ ಇದೆ.

ದಶಾವತಾರದ ಕಟ್ಟಿನಲ್ಲಿ 120 ಎಲೆಗಳು. ಒಂದೊಂದು ಅವತಾರಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಅಂಕಿಯ ಎಲೆಗಳು. ನವಗ್ರಹಗಳ ಕಟ್ಟಿನಲ್ಲಿ 108. ಗ್ರಹಗಳೇ ಅಂಗೈಗೆ ಬಂದಮೇಲೆ ಫಲ ಕೇಳಬೇಕೆನಿಸುವುದು ಸಹಜವೇ. ಆದರೆ ಗಂಜೀಫಾ ಆಟ, ಕಣಿಯಲ್ಲ. ಮೂವರು ಕುಳಿತು ತಲೆಗೆ 40ರಂತೆ ಹಂಚಿಕೊಂಡು, ಹಗಲಾದರೆ ರಾಮನಿಂದ, ಇರುಳಾದರೆ ಕೃಷ್ಣನಿಂದ ಆರಂಭಿಸುತ್ತಿದ್ದರು. ಐದು ಅವತಾರಗಳಲ್ಲಿ ಮಂತ್ರಿಯ ಅನಂತರ ಹತ್ತು ದೊಡ್ಡದು. ಉಳಿದ ಐದರಲ್ಲಿ ಒಂದೇ ದೊಡ್ಡದು. ಆಡಿಹೋದ ಎಲೆಗಳನ್ನು ನೆನಪಿಟ್ಟವನದೇ ಮೇಲುಗೈ.

ಪಶ್ಚಿಮದ ಟ್ಯಾರೋ ಎಲೆಗಳೂ 15ನೆಯ ಶತಮಾನದ ಇಟಲಿಯಲ್ಲಿ ಆಟಕ್ಕೆಂದೇ ಹುಟ್ಟಿದವು. ಅವುಗಳಲ್ಲಿ ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನ ಅಡಗಿದೆಯೆಂದು ಫ್ರಾನ್ಸಿನ ಕೂರ್ ದ ಜೆಬೆಲಾನ್ 1781ರಲ್ಲಿ ಬರೆದನು. ಅದಾದಮೇಲೆ ಆಟದ ಎಲೆಗಳಿಗೆ ಭವಿಷ್ಯವಾಣಿಯ ಖ್ಯಾತಿ ಹಬ್ಬಿತು.

ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ‘ಛದ’ವೆಂಬ ಎಲೆಯಾಟಗಳ ವರ್ಣನೆಯಿದೆ. ಮೈಸೂರಿನ ಇಂತಹ ಕಟ್ಟುಗಳಲ್ಲಿ 360ರವರೆಗೂ ಎಲೆಗಳುಂಟು. ಎಲೆಗಳ ಮೇಲೆ ಇಷ್ಟು ರಾಜರನ್ನು ಕೂರಿಸಿದ ದೊರೆಯ ಆಡಳಿತವನ್ನೇ 1831ರಲ್ಲಿ ಆಂಗ್ಲರು ಕಿತ್ತುಕೊಂಡರು! ಅದನ್ನು ಮರಳಿ ಪಡೆಯಲು ಅವರು ದಶಕಗಟ್ಟಲೆ ಮನವಿಯ ಮೇಲೆ ಮನವಿ ಕಳುಹಿದರು, 1865ರಲ್ಲಿ ದತ್ತು ಸ್ವೀಕರಿಸಿದರು, 1868ರಲ್ಲಿ ಕಣ್ಮುಚ್ಚಿದರು. 1881ರಲ್ಲಿ ರಾಜ್ಯ ಆ ದತ್ತುಪುತ್ರ ಚಾಮರಾಜೇಂದ್ರರ ಕೈಸೇರಿತು. ಅದನ್ನು ಮರಳಿ ತಂದುದು ಎಲೆಯ ಬಲವಲ್ಲ, ಎಡೆಬಿಡದ ಪ್ರಯತ್ನ.

ಪಾಂಡವಪುರದ ಸಂತೆಯಲ್ಲಾಗಲಿ, ಕೆ.ಆರ್. ಪೇಟೆ, ನಾಗಮಂಗಲಗಳ ಜಾತ್ರೆಯಲ್ಲಾಗಲಿ, ಗಿಣಿಶಾಸ್ತ್ರದವನ ಮುಂದೆ ನಿಂತು ಗಿಣಿ ಎತ್ತಿದ ಎಲೆಯನ್ನು ನೋಡಿ ನಕ್ಕರೆ ತಪ್ಪೇನೂ ಇಲ್ಲ. ಆದರೆ ಆ ಎಲೆಯನ್ನು ನಂಬಿ ಹೊಲ ಮಾರಿದರೆ, ಮಗಳ ಮದುವೆ ಗೊತ್ತುಮಾಡಿದರೆ, ನಷ್ಟ ಗಿಣಿಗಲ್ಲ. ಕಥೆಯೊಳಗಿನ ಎಲೆ ಮನಬಂದಂತೆ ಮಾತನಾಡಲಿ, ನಾವು ಸಂತೋಷದಿಂದ ಓದೋಣ. ಮಗಳ ಬಾಳಿನ ಪ್ರಶ್ನೆ ಬಂದಾಗ ಮಾತ್ರ ಮೊದಲು ಮಗಳನ್ನೇ ಕೇಳೋಣ.