ಹಳದಿ ಪಟ್ಟಿ, ಹಸಿರು ಬಟನ್

ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಹಳಿ ದಾಟಬೇಡಿ ಅಂತ ರೈಲ್ವೆಯವರು ಅಂದಿನಿಂದಲೂ ಹೇಳ್ತಾನೇ ಇದ್ದಾರೆ, ಜನ ದಾಟ್ತಾನೇ ಇದ್ದಾರೆ. ಬೋರ್ಡು, ದಂಡ, ಗೋಡೆ, ಯಾವುದಕ್ಕೂ ಜಗ್ಗದವರು ನಾವು. (ನಾವು ಅಂದೆ, ಯಾಕೆಂದರೆ ನಾನೂ ದಾಟಿದವನೇ.)

2010ರ ಸುಮಾರಿಗೆ ಹಾರ್ಬರ್ ಲೈನಿನ ವಡಾಲಾದಲ್ಲಿ ಒಂದು ಪ್ರಯೋಗ ನಡೆಯಿತು. ಫೈನಲ್ ಮೈಲ್ ಅನ್ನುವ ಇಲ್ಲಿನದೇ ಸಂಸ್ಥೆ ರೈಲ್ವೆ ಜೊತೆ ಸೇರಿ ಮಾಡಿದ್ದು. ದೊಡ್ಡ ವಸ್ತುವಿನ ವೇಗ ಅಳೆಯುವಾಗ ನಮ್ಮ ಕಣ್ಣು ಮೋಸ ಹೋಗುತ್ತದೆ. ರೈಲು ನಿಧಾನವಾಗಿ ಬರ್ತಿದೆ ಅನ್ನಿಸುತ್ತೆ. ಅದಕ್ಕೆ ಹಳಿಯಡಿಯ ಸ್ಲೀಪರ್‌ಗಳಿಗೆ ಬಿಟ್ಟು ಬಿಟ್ಟು ಹಳದಿ ಬಣ್ಣ ಬಳಿದರು. ಪಟ್ಟಿಗಳು ಒಂದೊಂದಾಗಿ ರೈಲಿನಡಿ ಮಾಯವಾಗುವುದು ಕಂಡರೆ ವೇಗ ತಾನೇ ಗೊತ್ತಾಗುತ್ತೆ. ಉದ್ದನೆಯ ಒಂದು ಹಾರನ್ ಬದಲು ಚಿಕ್ಕವು ಎರಡು, ನಡುವೆ ಮೌನ. ಜೊತೆಗೆ ರೈಲಿಗೆ ಸಿಗಲಿರುವವನ ಮುಖದ ಭಯ ತೋರಿಸುವ ಫೋಟೋಗಳು. ಅಷ್ಟೇ, ಉಪದೇಶವಿಲ್ಲ. ಅಲ್ಲಿ ಸಾವುಗಳು ಬಹಳ ಕಡಿಮೆಯಾದವು.

ಇದಕ್ಕೆ ನಡ್ಜ್ ಅನ್ನುತ್ತಾರೆ. ಈ ವಿಷಯದಲ್ಲಿ ದೊಡ್ಡ ಹೆಸರಾದ ರಿಚರ್ಡ್ ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಬಿ.ಕಾಂ. ಮೇಷ್ಟ್ರು ಮನುಷ್ಯ ಲೆಕ್ಕ ಹಾಕಿಯೇ ಖರ್ಚು ಮಾಡ್ತಾನೆ ಅಂತ ಕಲಿಸಿದ್ದರು. ಕೌಂಟರಿನಲ್ಲಿ ಕೂತ ಮೊದಲ ತಿಂಗಳೇ ಅದು ಸುಳ್ಳು ಅಂತ ತಿಳಿಯಿತು!

ಈಗ ಅದೇ ವಿದ್ಯೆ ಮೊಬೈಲಿನೊಳಗೂ ಬಂದು ಕೂತಿದೆ. ಹೋದ ವರ್ಷ ಕುಂದಾಪುರ ಕಡೆಯ ಅಡುಗೆ ಭಟ್ಟರೊಬ್ಬರು ಪಾಸ್‌ಬುಕ್ ಹಿಡಿದು ಬ್ರಾಂಚಿಗೆ ಬಂದರು. "ನಾನು ಸಾಲ ಕೇಳಲೇ ಇಲ್ಲ ಮಾರಾಯ್ರೆ, ಕಂತು ಹ್ಯಾಗೆ ಕಟ್ ಆಯ್ತು?" ನಿಜ, ಅವರು ಕೇಳಿರಲಿಲ್ಲ. ಬ್ಯಾಲೆನ್ಸ್ ನೋಡಲು ಹೋದಾಗ 'ನಿಮಗೆ ಮಂಜೂರಾಗಿದೆ' ಅಂತ ದೊಡ್ಡ ಹಸಿರು ಬಟನ್ ಬಂದಿತ್ತು, ಇಂಗ್ಲಿಷಿನಲ್ಲಿ. 'ಬೇಡ' ಅನ್ನುವುದು ಮೂಲೆಯಲ್ಲಿ, ಬೂದು ಬಣ್ಣದಲ್ಲಿ. ನನಗೂ ಕನ್ನಡಕ ಬೇಕಾಯಿತು. ಒತ್ತಿದರು, ಒಟಿಪಿ ಹಾಕಿದರು. ಬಂದ ಇಪ್ಪತ್ತು ಸಾವಿರವನ್ನು ಮಾಲೀಕರು ಹಾಕಿದ್ದು ಅಂದುಕೊಂಡು ಮಗಳ ಫೀಸಿಗೆ ಊರಿಗೆ ಕಳಿಸಿಬಿಟ್ಟಿದ್ದರು.

ಇಂಥ ಸಾಲವನ್ನು ಮೊದಲ ಕೆಲವು ದಿನಗಳೊಳಗೆ ದಂಡವಿಲ್ಲದೆ ವಾಪಸ್ ಮಾಡಲು ರಿಸರ್ವ್ ಬ್ಯಾಂಕಿನ 2022ರ ನಿಯಮದಲ್ಲೇ ಅವಕಾಶ ಬಂದಿದೆ, ಅಷ್ಟು ದಿನದ ಬಡ್ಡಿ ಕೊಟ್ಟರಾಯಿತು. ಆದರೆ ಅದಕ್ಕೆ ಹಸಿರು ಬಟನ್ ಇರಲಿಲ್ಲ ನೋಡಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಇಂಥ 13 ಬಗೆಯ ಕಣ್ಕಟ್ಟುಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಪಟ್ಟಿ ಓದಿದಾಗ ನನಗೆ ನಾಚಿಕೆಯಾಯಿತು. ಭಟ್ಟರು ಸಾಲ ಪಡೆದ ತಿಂಗಳು ನಮ್ಮ ಟಾರ್ಗೆಟ್ ಮುಟ್ಟಿತ್ತು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.

ತಂತ್ರಜ್ಞಾನ ಬೇಡ ಅನ್ನುವವನು ನಾನಲ್ಲ. ವಡಾಲಾದ ಹಳದಿ ಪಟ್ಟಿ ಕಾಣದ ಅಪಾಯವನ್ನು ಕಾಣಿಸಿತು, ಈ ಬಟನ್ ಕಾಣಬೇಕಾದ್ದನ್ನು ಮುಚ್ಚಿತು. 'ಬೇಡ'ವೂ ಅಷ್ಟೇ ದೊಡ್ಡದಿರಲಿ, ತಿಂಗಳ ಕಂತು ಅವರ ಭಾಷೆಯಲ್ಲಿ ದಪ್ಪಕ್ಷರದಲ್ಲಿ ಬರಲಿ, ದುಡ್ಡು ಮರುದಿನ ಬೀಳಲಿ ಅಂತ ಮೀಟಿಂಗಿನಲ್ಲಿ ಹೇಳಿದೆ. "ಸರ್, ಫಿರ್ ದಬಾಯೇಗಾ ಕೌನ್?" ಅಂದ ಒಬ್ಬ ಹುಡುಗ. ಎಲ್ಲರೂ ನಕ್ಕರು.

ಭಟ್ಟರದ್ದು ಇನ್ನೂ ಏಳು ಕಂತು ಬಾಕಿ ಇದೆ.